ಒಂಬತ್ತನೇ ‘ಬಿ’ಯ ನಾಲ್ಕು ಟೇಬಲ್‌ಗಳು

ಜುಲೈ 3, ಸೋಮವಾರ

ಬಾಯಿಗೆ ಬೀಗ ಹಾಕಿಕೋ ಎಂದು ಯಜಮಾನರು ಹೇಳಿದ್ದಾರೆ. ನಿವೃತ್ತಿಗೆ ಇನ್ನು ಆರೇ ವರ್ಷ, ಈ ವಯಸ್ಸಿನಲ್ಲಿ ಹೆಡ್ ಮೇಡಂ ಜೊತೆ ಜಗಳ ಬೇಡವಂತೆ. ಸರಿ, ಬಾಯಿಗೆ ಬೀಗ. ಕೈಗೂ ಹಾಕಿಕೋ ಎಂದು ಅವರು ಹೇಳಿಲ್ಲವಲ್ಲ. ಹಳೆಯ ಪಾಠಯೋಜನೆ ಪುಸ್ತಕದ ಹಿಂದೆ ಖಾಲಿ ಹಾಳೆಗಳು ಬೇಕಾದಷ್ಟಿವೆ, ಅದರಲ್ಲೇ ಬರೆಯುತ್ತೇನೆ. ಯಾರೂ ಓದಬೇಕಾಗಿಲ್ಲ.

ಇವತ್ತು ಮೀಟಿಂಗ್. ಹೆಡ್ ಮೇಡಂ ಒಂದು ವಾರದ ತರಬೇತಿ ಮುಗಿಸಿ ಬಂದಿದ್ದಾರೆ, ಬರುವಾಗ ‘ಸ್ಟೇಷನ್ ಪದ್ಧತಿ’ ಎನ್ನುವುದೊಂದನ್ನು ಹೊತ್ತು ತಂದಿದ್ದಾರೆ. ತರಗತಿಯನ್ನು ನಾಲ್ಕು ಗುಂಪು ಮಾಡಬೇಕು. ನಾಲ್ಕು ಟೇಬಲ್ ಇಡಬೇಕು. ಒಂದೊಂದರಲ್ಲಿ ಒಂದೊಂದು ಕೆಲಸ. ಹನ್ನೆರಡು ನಿಮಿಷಕ್ಕೊಮ್ಮೆ ಗಂಟೆ ಹೊಡೆದರೆ ಎಲ್ಲರೂ ಎದ್ದು ಮುಂದಿನ ಟೇಬಲ್‌ಗೆ ಹೋಗಬೇಕು. ಟೀಚರ್ ಇರುವುದು ಒಂದೇ ಟೇಬಲ್‌ನಲ್ಲಿ. ಉಳಿದ ಮೂರರಲ್ಲಿ ಮಕ್ಕಳು ತಾವಾಗಿಯೇ ಕಲಿಯುತ್ತಾರಂತೆ! ಹದಿನಾಲ್ಕು ವರ್ಷದ ಮಕ್ಕಳನ್ನು ಈಯಮ್ಮ ಎಲ್ಲಿ ನೋಡಿದ್ದಾರೋ ಗೊತ್ತಿಲ್ಲ. ನನ್ನ ತರಗತಿಯಲ್ಲಂತೂ ಒಂದಿತ್ತು, ಎರಡು ಜಡೆ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂರುತ್ತಿತ್ತು, ನಾನು ಹೇಳಿಕೊಡದೆ ಒಂದು ಸಮೀಕರಣವನ್ನೂ ಬಿಡಿಸುತ್ತಿರಲಿಲ್ಲ. ಈಗ ಅದೇ ಹೆಡ್ ಮೇಡಂ ಆಗಿ ನನಗೆ ಕಲಿಸುವುದನ್ನು ಕಲಿಸಲು ಬಂದಿದೆ.

“ಟೀಚರ್, ನಿಮ್ಮ ಒಂಬತ್ತನೇ ಬಿ ಗಣಿತದಿಂದ್ಲೇ ಶುರು ಮಾಡೋಣ. ಆಗಸ್ಟ್‌ನಲ್ಲಿ ತಪಾಸಣೆಗೆ ಬರ್ತಾರೆ” ಎಂದರು.

ನಾನು ಎದ್ದು ನಿಂತು ಕಡ್ಡಿ ಮುರಿದಂತೆ ಹೇಳಿದೆ. “ಇಪ್ಪತ್ತೆಂಟು ವರ್ಷ ಬೋರ್ಡ್ ಮುಂದೆ ನಿಂತು ಕಲಿಸಿದ್ದೀನಿ. ಹತ್ತನೇ ಎ ಪ್ರತಿ ವರ್ಷ ನೂರಕ್ಕೆ ನೂರು. ನನಗಿದೆಲ್ಲ ಬೇಡ ಮೇಡಂ.”

“ಬೇಡ ಅಂದ್ರೆ ಹತ್ತನೇ ಎ ಬೇರೆಯವರಿಗೆ ಕೊಡ್ಬೇಕಾಗುತ್ತೆ ಟೀಚರ್.”

ಹತ್ತನೇ ಎ ಬಿಡುವುದಕ್ಕಿಂತ ಬಲಗೈ ಬಿಟ್ಟುಕೊಟ್ಟೇನು. ಕುಳಿತುಕೊಂಡೆ. ಪಕ್ಕದಲ್ಲಿದ್ದ ವಿಜ್ಞಾನದ ಮೇಷ್ಟ್ರು ಕೆಮ್ಮಿದಂತೆ ಮಾಡಿ ನಕ್ಕರು.

ಮೀಟಿಂಗ್‌ನ ಕೊನೆಗೆ ಒಂಬತ್ತನೇ ಬಿಯ ಆರು ಮಕ್ಕಳ ಪಟ್ಟಿ ಕೊಟ್ಟರು. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ಮೂವತ್ತೈದು ಬರದಿದ್ದರೆ ಆರೂ ಜನಕ್ಕೆ ಟಿಸಿ. ಹತ್ತನೆಗೆ ಬಂದು ಫೇಲಾಗಿ ಶಾಲೆಯ ಫಲಿತಾಂಶ ಕೆಡಿಸುವ ಮೊದಲೇ ಕಳಿಸಿಬಿಡುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ರೂಢಿ. ಪೋಷಕರೇ ಕೇಳಿಕೊಂಡಂತೆ ಅರ್ಜಿ ಬರೆಸುತ್ತಾರೆ, ಕೆಳಗೆ ತರಗತಿಯ ಶಿಕ್ಷಕಿ ಅಂತ ನಾನು ಸಹಿ ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟು ಹಾಕಿದ್ದೇನೋ ನೆನಪಿಲ್ಲ. ಅದರ ಬಗ್ಗೆ ನನಗೇನೂ ತಕರಾರಿಲ್ಲ. ನನ್ನ ತಕರಾರಿರುವುದು ಟೇಬಲ್‌ಗಳ ಬಗ್ಗೆ.

ಜುಲೈ 5, ಬುಧವಾರ

ಜವಾನನೂ ನಾನೂ ಸೇರಿ ಬೆಂಚುಗಳನ್ನು ಎಳೆದಾಡಿ ನಾಲ್ಕು ಟೇಬಲ್ ಮಾಡಿದೆವು. ಮೇಲೆ ಹಳೆಯ ಪೇಪರ್ ಹಾಸಿದೆ. ಸೊಂಟ ಹಿಡಿದುಕೊಂಡಿದೆ. ನಮ್ಮ ಕೋಣೆಗೂ ವಿಜ್ಞಾನದ ಮೇಷ್ಟ್ರ ಕೋಣೆಗೂ ನಡುವೆ ಗೋಡೆಯಿಲ್ಲ, ಬರೀ ಮರದ ಹಲಗೆ. ಅವರಿಗೂ ಇದರ ರುಚಿ ಸಿಗಲಿ.

ಜಗಳವಾಡಿ ಸೋಲುವುದಕ್ಕಿಂತ ಒಂದು ಉಪಾಯ ಮಾಡಿದ್ದೇನೆ. ತರಬೇತಿಯ ಪುಸ್ತಕದಲ್ಲಿ ಇರುವುದನ್ನು ಒಂದಕ್ಷರವೂ ಬಿಡದೆ ಪಾಲಿಸುವುದು. ಹಾಗೆ ಪಾಲಿಸಿದರೆ ಇದು ಹೇಗೆ ಮಕಾಡೆ ಮಲಗುತ್ತದೆ ಎಂಬುದನ್ನು ತಪಾಸಣೆಯವರ ಕಣ್ಣೆದುರಿಗೇ ತೋರಿಸುವುದು. ಆಮೇಲೆ ನನ್ನ ಬೋರ್ಡು ನನಗೆ, ನನ್ನ ಸಾಲುಗಳು ನನಗೆ.

ಮೂವತ್ತಾರು ಮಕ್ಕಳು, ಟೇಬಲ್‌ಗೆ ಒಂಬತ್ತು. ಪಟ್ಟಿಯ ಆರು ಜನರನ್ನು ಒಂದೇ ಗುಂಪಿಗೆ ಹಾಕಿ ನಾಲ್ಕನೇ ಟೇಬಲ್‌ಗೆ ಕಳಿಸಿದೆ. ಅದು ನನ್ನ ಟೇಬಲ್‌ನಿಂದ ದೂರದಲ್ಲಿದೆ.

ಜುಲೈ 6, ಗುರುವಾರ

ಮಲಗಿತು! ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಮಲಗಿತು.

ಆದರೆ ತಪ್ಪು ನನ್ನದೇ, ಇಲ್ಲಾದರೂ ಒಪ್ಪಿಕೊಳ್ಳಬೇಕು. ಒಂದನೇ ಟೇಬಲ್‌ನಲ್ಲಿ ನನ್ನ ಪಾಠ, ಎರಡನೆಯದರಲ್ಲಿ ಅಭ್ಯಾಸದ ಲೆಕ್ಕ, ಮೂರನೆಯದರಲ್ಲಿ ಡಬ್ಬಗಳನ್ನು ಅಳೆಯುವುದು, ನಾಲ್ಕನೆಯದರಲ್ಲಿ ಪರೀಕ್ಷೆ ಎಂದು ಜೋಡಿಸಿದ್ದೆ. ಇಪ್ಪತ್ತೆಂಟು ವರ್ಷದಿಂದ ನಾನು ಪಾಠ ಮಾಡುವ ಕ್ರಮವೇ ಅದು. ಗಂಟೆ ಹೊಡೆದ ಮೇಲೆ ಗೊತ್ತಾಯಿತು, ನಾಲ್ಕು ಟೇಬಲ್‌ಗಳೂ ಒಟ್ಟಿಗೇ ಶುರುವಾಗುತ್ತವೆ. ಮೊದಲಿನಿಂದ ಶುರು ಮಾಡಿದ್ದು ಒಂದೇ ಗುಂಪು. ಇನ್ನೆರಡು ಗುಂಪು ಕಲಿಯದ ಪಾಠದ ಲೆಕ್ಕ ಮಾಡುತ್ತ, ಯಾಕೆ ಅಳೆಯಬೇಕೆಂದು ತಿಳಿಯದ ಡಬ್ಬ ಅಳೆಯುತ್ತ ಕೂತವು. ನಾಲ್ಕನೇ ಟೇಬಲ್‌ನವರಿಗಂತೂ ಪಾಠವೇ ಇಲ್ಲದೆ ನೇರವಾಗಿ ಪರೀಕ್ಷೆ. ಪ್ರಶ್ನೆ ಇಷ್ಟೇ: ಈ ಅಳತೆಯ ಡಬ್ಬದ ಸುತ್ತ ಕಾಗದ ಅಂಟಿಸಬೇಕು, ಎಷ್ಟು ಕಾಗದ ಬೇಕು?

ಕ್ಲಾಸು ಸಂತೆಯಾಯಿತು. ನಾಲ್ಕನೇ ಟೇಬಲ್‌ನವರು ಮೂರನೇ ಟೇಬಲ್‌ನ ಡಬ್ಬವನ್ನು ಹೊಡೆದುಕೊಂಡು ಹೋದರು. ಅದಕ್ಕೊಂದು ಜಗಳ. ಆಮೇಲೆ ಬೆಂಚಿನ ಮೇಲೆ ಹಾಸಿದ್ದ ಪೇಪರನ್ನೇ ಹರಿದು ಡಬ್ಬಕ್ಕೆ ಸುತ್ತಿದರು. ಗಂಟೆ ಹೊಡೆಯಿತು, ಆ ಗುಂಪು ನನ್ನ ಟೇಬಲ್‌ಗೆ ಬಂತು. ಒಬ್ಬಳು ಹುಡುಗಿ ಕೈಯಲ್ಲಿ ಆ ಹರಿದ ಪೇಪರ್ ಹಿಡಿದುಕೊಂಡೇ ಬಂದಿದ್ದಳು.

“ಟೀಚರ್, ಸುತ್ತಿದ್ದ ಪೇಪರ್ ಬಿಚ್ಚಿದ್ರೆ ಆಯತ ಬಂತು. ಡಬ್ಬದಲ್ಲಿದ್ದ ದುಂಡಗಿನದು ಎಲ್ಲಿ ಹೋಯ್ತು?”

“ಮೊದ್ಲು ಕೂತ್ಕೋ” ಎಂದು ಹೇಳಿ ಸೂತ್ರ ಬರೆಸಿದೆ. ಹನ್ನೆರಡು ನಿಮಿಷ ಮುಗಿದೇ ಹೋಯಿತು. ಅವಳ ಪ್ರಶ್ನೆ ಹಾಗೇ ಉಳಿಯಿತು.

ಇಷ್ಟು ವರ್ಷದಲ್ಲಿ ಆ ಸೂತ್ರವನ್ನು ಸಾವಿರ ಸಲ ಬರೆಸಿರಬಹುದು. ಹೀಗೆ ಯಾರೂ ಕೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಜಗಳದ ಕಥೆ ಹೇಳಿ ನಗಿಸಿದೆ, ಪ್ರಶ್ನೆಯ ವಿಷಯ ಹೇಳಲಿಲ್ಲ.

ಜುಲೈ 7, ಶುಕ್ರವಾರ

ಆಯತದ ಉದ್ದವೇ ಡಬ್ಬದ ಸುತ್ತಳತೆ. ಹೇಳಲು ಅರ್ಧ ನಿಮಿಷ ಬೇಕು. ಬೆಳಿಗ್ಗೆ ಹೋದ ತಕ್ಷಣ ಹೇಳಿದೆ. “ಓ, ಅಲ್ಲೇ ಉದ್ದಕ್ಕೆ ಮಲಗಿದೆ” ಎಂದಳು ಹುಡುಗಿ. ಹೆಸರು ನೋಡಲು ಹಾಜರಿ ಪುಸ್ತಕ ತೆಗೆಯಬೇಕಾಯಿತು. ಮಕ್ಕಳು ಅವಳನ್ನು ರಬ್ಬರ್ ಎಂದು ಕರೆಯುತ್ತಾರೆ. ಪಟ್ಟಿಯಲ್ಲಿ ಅವಳದು ಮೊದಲ ಹೆಸರು.

ಸೋಮವಾರ ಎಲ್ಲ ಗುಂಪನ್ನೂ ಪ್ರಶ್ನೆಯಿಂದಲೇ ಶುರು ಮಾಡಿಸಿ ನೋಡಬೇಕು. ಸುಮ್ಮನೆ. ಹೆಡ್ ಮೇಡಂಗೋಸ್ಕರ ಖಂಡಿತ ಅಲ್ಲ.

ಜುಲೈ 19, ಬುಧವಾರ

ಈಗ ಯಾವ ಟೇಬಲ್‌ನಿಂದ ಹೊರಟರೂ ನಡೆಯುವ ಹಾಗೆ ಮಾಡಿದ್ದೇನೆ. ಪ್ರತಿಯೊಂದರಲ್ಲೂ ಮೊದಲು ಒಂದು ಪ್ರಶ್ನೆ. ಬರದಿದ್ದರೆ ಬರದಂತೆಯೇ ಬರೆದುಕೊಂಡು ನನ್ನ ಟೇಬಲ್‌ಗೆ ತರಬೇಕು. ಖಾಲಿ ಕೈಯಲ್ಲಿ ಬಂದವರಿಗೆ ನಾನು ಏನೂ ಹೇಳಿಕೊಡುವುದಿಲ್ಲ. ಇದು ತರಬೇತಿಯ ಪುಸ್ತಕದಲ್ಲಿಲ್ಲ. ಆ ಪುಸ್ತಕ ಬರೆದವರು ಒಂಬತ್ತನೇ ಬಿಗೆ ಬಂದಿರಲಿಲ್ಲ.

ರಬ್ಬರ್ ಎಂಬ ಹೆಸರು ಯಾಕೆಂದು ತಿಳಿಯಿತು. ನಾನು ಹತ್ತಿರ ಹೋದರೆ ಸಾಕು, ಬರೆದದ್ದನ್ನೆಲ್ಲ ಉಜ್ಜಿ ಅಳಿಸಿಬಿಡುತ್ತಾಳೆ. ಅವಳ ನೋಟ್ ಪುಸ್ತಕದಲ್ಲಿ ಅಕ್ಷರಕ್ಕಿಂತ ತೂತು ಜಾಸ್ತಿ. ಕೇಳಿದೆ.

“ತಪ್ಪಿದ್ರೆ ಟೀಚರ್?”

“ತಪ್ಪಿದ್ರೆ ಏನು, ಭೂಮಿ ಬಾಯಿ ಬಿಡುತ್ತಾ?”

“ನೀವು ಬಾಯಿ ಬಿಡ್ತೀರಲ್ಲ.”

ಎಲ್ಲರೂ ನಕ್ಕರು. ಕಿವಿ ಹಿಂಡಬೇಕೆನ್ನಿಸಿತು. ಹಿಂಡಲಿಲ್ಲ. ಇನ್ನು ಮೇಲೆ ನಾಲ್ಕು ಟೇಬಲ್‌ಗಳಲ್ಲೂ ಪೆನ್ನು ಮಾತ್ರ, ರಬ್ಬರ್ ಯಾರೂ ತರುವಂತಿಲ್ಲ, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ ಎಂದೆ. ಅವಳು ಇಡೀ ತಾಸು ಪೆನ್ನಿನ ಕ್ಯಾಪು ತೆಗೆಯುತ್ತ ಹಾಕುತ್ತ ಕೂತಿದ್ದಳು. ಕೊನೆಗೆ ಮೂರು ಸಾಲು ಬರೆದಳು. ಎರಡು ಸರಿಯಿತ್ತು.

ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲಿಂದ ತಲೆ ತೂರಿಸಿದರು. “ಟೀಚರ್, ನನ್ನ ಮಕ್ಕಳಿಗೆ ನನ್ನ ದನಿನೇ ಕೇಳಿಸ್ತಿಲ್ಲ!”

“ಕೇಳಿಸ್ತಿದ್ದಾಗ ಏನು ಕಲ್ತಿದ್ರು ಮೇಷ್ಟ್ರೇ?” ಎಂದೆ. ತಲೆ ಒಳಗೆ ಹೋಯಿತು.

ಆಗಸ್ಟ್ 4, ಶುಕ್ರವಾರ

ಮನೆಯಲ್ಲಿ ಡಬ್ಬಗಳ ಬರ ಬಂದಿದೆ. ಅತ್ತೆಯ ಪೌಡರ್ ಡಬ್ಬ, ಸಕ್ಕರೆ ಡಬ್ಬ, ಗುಂಡಿಗಳ ಡಬ್ಬ, ಔಷಧಿ ಡಬ್ಬ ಎಲ್ಲ ಶಾಲೆ ಸೇರಿವೆ. ಸಕ್ಕರೆ ಈಗ ಪಾತ್ರೆಯಲ್ಲಿ, ಗುಂಡಿಗಳು ಲೋಟದಲ್ಲಿ. ಅತ್ತೆಗೆ ಎಂಬತ್ತೆರಡು ವರ್ಷ, ಕಣ್ಣು ಮಂಜು, ಬಾಯಿ ಮಾತ್ರ ನಿಚ್ಚಳ.

“ಏನೇ, ಇತ್ತೀಚೆಗೆ ಊಟಕ್ಕೆ ಕೂತಾಗ ಹೆಡ್ ಮೇಡಂನ ಬೈಯೋದೇ ಬಿಟ್ಟಿದ್ದೀಯ? ಎರಡು ವಾರದಿಂದ ಬರೀ ಹತ್ತನೇ ಎ ಮಕ್ಕಳ್ನ ಬೈತಿದ್ದೀಯಲ್ಲ” ಎಂದರು.

ಬೈಯುವ ಹಾಗೆ ಮಾಡಿದರೆ ಬೈಯದೆ ಏನು? ಇವತ್ತು ಹತ್ತನೇ ಎಯಲ್ಲಿ ಬೋರ್ಡ್ ತುಂಬ ಬರೆದು ತಿರುಗಿದರೆ ನಲವತ್ತು ಜನ ಕಮಕ್ ಕಿಮಕ್ ಎನ್ನದೆ ನಕಲು ಮಾಡಿಕೊಳ್ಳುತ್ತಿದ್ದರು. “ಏನಾದ್ರೂ ಕೇಳ್ರೋ” ಎಂದೆ. ಒಬ್ಬ ಎದ್ದು ನಿಂತು “ಇದು ಪರೀಕ್ಷೆಗೆ ಬರುತ್ತಾ ಟೀಚರ್?” ಎಂದ. ಮೈಯೆಲ್ಲ ಉರಿಯಿತು. ನನಗೆ ವಯಸ್ಸಾಗುತ್ತಿದೆ, ಅಷ್ಟೆ. ಮೊದಲೆಲ್ಲ ಆ ನಿಶ್ಶಬ್ದ ಹಿತವಾಗಿರುತ್ತಿತ್ತು.

ಆಗಸ್ಟ್ 22, ಮಂಗಳವಾರ

ತಪಾಸಣೆ. ಮೂರು ಜನ ಬಂದಿದ್ದರು, ಒಬ್ಬರ ಕೈಯಲ್ಲಿ ಕ್ಯಾಮೆರಾ. ಹೆಡ್ ಮೇಡಂ ಬಾಗಿಲಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಸೇಡು ತೀರಿಸಿಕೊಳ್ಳುತ್ತೇನೆ ಅಂತ ಅವರಿಗೆ ಅನುಮಾನ.

ಬಂದವರಲ್ಲಿ ದೊಡ್ಡವರು ನಾಲ್ಕನೇ ಟೇಬಲ್ ಹತ್ತಿರ ಬಗ್ಗಿ ರಬ್ಬರ್‌ಳನ್ನು ಕೇಳಿದರು. “ಟೀಚರ್ ಹೇಳ್ಕೊಡೋ ಮುಂಚೆನೇ ಲೆಕ್ಕ ಮಾಡು ಅಂದ್ರೆ ಕಷ್ಟ ಆಗಲ್ವಾ ಮಗು?”

“ಆಗುತ್ತೆ ಸಾರ್. ಕಷ್ಟ ಆದ್ಮೇಲೆ ಟೀಚರ್ ಹತ್ರ ಹೋದ್ರೆ ಅವ್ರು ಹೇಳೋದು ಕೇಳಿಸುತ್ತೆ. ಮೊದ್ಲು ಬರೀ ದನಿ ಕೇಳಿಸ್ತಿತ್ತು.”

ಅವರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಪೆನ್ನಿನಲ್ಲಿ ಗೆರೆ ಎಳೆದು ತಿದ್ದಿದ ಹಾಳೆಯ ಫೋಟೋ ತೆಗೆದುಕೊಂಡರು. ಮಾದರಿ ತರಗತಿ ಎಂದು ಬರೆದುಕೊಂಡು ಹೋದರು.

ಮಕಾಡೆ ಮಲಗಿಸುವ ನನ್ನ ಉಪಾಯ ನೆನಪಾದದ್ದು ಅವರು ಗೇಟು ದಾಟಿದ ಮೇಲೆ. ಇರಲಿ. ಹೊರಗಿನವರ ಮುಂದೆ ನಮ್ಮ ಮಕ್ಕಳನ್ನು ನಗೆಪಾಟಲು ಮಾಡುವುದು ನನಗೆ ಒಗ್ಗುವುದಿಲ್ಲ.

ಆಗಸ್ಟ್ 23, ಬುಧವಾರ

ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಬೆಳಿಗ್ಗೆ ಹೋದರೆ ಜವಾನ ನಮ್ಮ ಬೆಂಚುಗಳನ್ನು ಮತ್ತೆ ಸಾಲಿಗೆ ಹಾಕುತ್ತಿದ್ದಾನೆ. ಯಾರು ಹೇಳಿದ್ದು? ಹೆಡ್ ಮೇಡಂ. ಸೀದಾ ಅವರ ರೂಮಿಗೆ ಹೋದೆ.

“ತಪಾಸಣೆ ಚೆನ್ನಾಗಿ ಮುಗೀತಲ್ಲ ಟೀಚರ್. ಇನ್ನು ಅರ್ಧವಾರ್ಷಿಕ ಹತ್ರ ಬಂತು. ನೀವು ಬೋರ್ಡ್ ಮೇಲೆ ಪೋರ್ಷನ್ ಮುಗಿಸಿಬಿಡಿ. ನಿಮಗೂ ಅದೇ ಇಷ್ಟ ಅಲ್ವಾ?”

“ನನ್ನ ಇಷ್ಟದ ವಿಷಯ ಬಿಡಿ. ಫೋಟೋ ತೆಗೆಸ್ಕೊಳ್ಳೋಕಷ್ಟೇ ಬೇಕಿತ್ತಾ ಆ ಟೇಬಲ್‌ಗಳು?”

“ಹಾಗಲ್ಲ ಟೀಚರ್...”

“ನನ್ನ ಕ್ಲಾಸಿನ ಬೆಂಚು ಮುಟ್ಟಬೇಡಿ ಅಂತ ಜವಾನನಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?”

ನಾನೇ ಹೇಳಿದೆ. ಮಕ್ಕಳು ಬ್ಯಾಗು ಕೆಳಗಿಟ್ಟು ಐದು ನಿಮಿಷದಲ್ಲಿ ಮತ್ತೆ ಟೇಬಲ್ ಜೋಡಿಸಿದರು. ಹೊಸದನ್ನು ಯಾರೋ ಮೇಲಿನವರು ಹೇರಿದರೆ ನಾನು ಒಪ್ಪುವವಳಲ್ಲ, ಈ ಶಾಲೆಗೆಲ್ಲ ಗೊತ್ತು. ಅವರು ಹೇಳಿದಾಗ ಹಾಕಿ ಅವರು ಹೇಳಿದಾಗ ತೆಗೆಯಲು ಇದೇನು ಅವರ ಮನೆಯ ಪರದೆಯೇ?

ಸೆಪ್ಟೆಂಬರ್ 4, ಸೋಮವಾರ

ಕೆಟ್ಟ ದಿನ. ಎರಡನೇ ಟೇಬಲ್‌ನಲ್ಲಿ ಇಬ್ಬರು ಇಡೀ ಹನ್ನೆರಡು ನಿಮಿಷ ಕಾಗದದ ಉಂಡೆ ಎಸೆದಾಡಿದರು. ಮೂರನೆಯದರಲ್ಲಿ ಒಬ್ಬಳು ಮಾಡಿದ್ದನ್ನು ಎಂಟು ಜನ ನಕಲು ಮಾಡಿದರು. ಪಟ್ಟಿಯ ಆರು ಜನರಲ್ಲಿ ಲಂಬೂ ಎಂಬ ಉದ್ದನೆಯ ಹುಡುಗ ನಾಲ್ಕು ದಿನದಿಂದ ಬಂದಿಲ್ಲ. ಕಿರುಚಿ ಕಿರುಚಿ ಗಂಟಲು ಹೋಯಿತು. ಸಾಲಿನಲ್ಲಿ ಕೂರಿಸಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಸಾಲಿನಲ್ಲಿ ಕೂರಿಸಿದ್ದರೆ ಲಂಬೂ ಬಂದಿಲ್ಲವೆಂದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿರುತ್ತಿತ್ತು, ಅದೂ ಒಂದು ಮಾತೇ.

ಸಂಜೆ ಅವನ ಮನೆ ಹುಡುಕಿಕೊಂಡು ಹೋದೆ. ಜ್ವರವೇನೂ ಇಲ್ಲ. “ಹೆಂಗಿದ್ರೂ ಟಿಸಿ ಕೊಡ್ತೀರಲ್ಲ ಟೀಚರ್” ಎಂದ. “ನಾಳೆ ಬಾರದಿದ್ರೆ ಕಾಲು ಮುರೀತೀನಿ” ಎಂದು ಹೇಳಿ ಬಂದೆ.

ಸೆಪ್ಟೆಂಬರ್ 27, ಬುಧವಾರ

ಅರ್ಧವಾರ್ಷಿಕದ ಉತ್ತರಪತ್ರಿಕೆ ತಿದ್ದಿ ಮುಗಿಸಿದೆ. ಪಟ್ಟಿಯ ಆರು ಜನರಲ್ಲಿ ನಾಲ್ವರು ದಾಟಿದರು. ಒಬ್ಬನಿಗಂತೂ ಐವತ್ತೆರಡು, ನಾನೇ ಎರಡು ಸಲ ಕೂಡಿದೆ. ಲಂಬೂಗೆ ಇಪ್ಪತ್ತೆರಡು.

ರಬ್ಬರ್‌ಗೆ ಮೂವತ್ತೊಂದು.

ಮೂರು ಸಲ ತಿರುವಿ ನೋಡಿದೆ. ಎಲ್ಲ ಪೆನ್ನಿನಲ್ಲಿ ಬರೆದಿದ್ದಾಳೆ. ಕೊನೆಯ ಹತ್ತು ಅಂಕದ ಪ್ರಶ್ನೆಯ ಜಾಗ ಮಾತ್ರ ಖಾಲಿ. ಅಲ್ಲಿ ಚಿತ್ರ ಬಿಡಿಸಿ ಲೆಕ್ಕ ಮಾಡಬೇಕಿತ್ತು, ಚಿತ್ರಕ್ಕೆ ಪೆನ್ಸಿಲ್ ಕಡ್ಡಾಯ, ಪೆನ್ಸಿಲ್ ಜೊತೆ ರಬ್ಬರೂ ಬಂದಿದೆ. ಹಾಳೆಯನ್ನು ಬೆಳಕಿಗೆ ಹಿಡಿದೆ. ಒತ್ತಿ ಬರೆದ ಗುರುತು ಕಂಡಿತು. ಚಿತ್ರ ಸರಿಯಾಗಿತ್ತು. ಲೆಕ್ಕವೂ ಸರಿಯಾಗಿತ್ತು. ಮೇಲ್ವಿಚಾರಕರು ಹತ್ತಿರ ಬಂದಿರಬೇಕು, ಅಳಿಸಿಬಿಟ್ಟಿದ್ದಾಳೆ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ನನಗೆ ಅಳು ಬಂತು.

ವಿಜ್ಞಾನದ ಮೇಷ್ಟ್ರು ಒಳ್ಳೆಯವರೇ. ಮೆಲ್ಲಗೆ ಹೇಳಿದರು. “ಗುರುತು ಕಾಣಿಸ್ತಿದೆಯಲ್ಲ ಟೀಚರ್, ನಾಲ್ಕು ಅಂಕ ಹಾಕ್ಬಿಡಿ. ಯಾರು ನೋಡ್ತಾರೆ?”

“ಅವಳು ನೋಡ್ತಾಳೆ” ಎಂದೆ.

ಹಾಕುವುದಿಲ್ಲ. ಅಳಿಸಿದ್ದಕ್ಕೆ ಅಂಕ ಕೊಟ್ಟರೆ ನಾಳೆ ಇನ್ನಷ್ಟು ಅಳಿಸುತ್ತಾಳೆ. ಮೂವತ್ತೊಂದು ಮೂವತ್ತೊಂದೇ, ಇಪ್ಪತ್ತೆರಡು ಇಪ್ಪತ್ತೆರಡೇ. ಅಂಕದಲ್ಲಿ ಸುಳ್ಳಿಲ್ಲ. ಸುಳ್ಳಿರುವುದು ಆ ಪಟ್ಟಿಯಲ್ಲಿ, ಅದಕ್ಕೆ ನಾನು ಸಹಿ ಹಾಕುವುದಿಲ್ಲ.

ಸೆಪ್ಟೆಂಬರ್ 29, ಶುಕ್ರವಾರ

ರಬ್ಬರ್‌ಳ ತಾಯಿ ಬಂದಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಬೆರಳುಗಳೆಲ್ಲ ಬಿಳಿಚಿಕೊಂಡಿವೆ. ಕೈಯಲ್ಲಿ ಟಿಸಿಯ ಅರ್ಜಿ. ಹೆಡ್ ಮೇಡಂ ಎಲ್ಲ ಬರೆಸಿಟ್ಟಿದ್ದಾರೆ: ‘ನನ್ನ ಸ್ವಂತ ಕಾರಣಗಳಿಂದ ಮಗಳನ್ನು ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದೇನೆ.’

“ಎಲ್ಲಿ ಸೈನ್ ಹಾಕ್ಬೇಕು ಹೇಳಿ ಟೀಚರಮ್ಮ. ಡ್ಯೂಟಿಗೆ ಹೊತ್ತಾಗುತ್ತೆ.”

“ನಿಮ್ಮ ಸ್ವಂತ ಕಾರಣ ಏನಮ್ಮಾ?”

“ನಂಗೇನು ಕಾರಣ? ಅವ್ರು ಹಾಕು ಅಂದ್ರು. ಓದೋಕೆ ಬರಲ್ವಂತಲ್ಲ ಇವಳಿಗೆ.”

“ಯಾರು ಹೇಳಿದ್ದು ಬರಲ್ಲ ಅಂತ? ನಾನು ಗಣಿತದ ಟೀಚರ್, ನಾನು ಹೇಳ್ತಿದ್ದೀನಿ, ಬರುತ್ತೆ. ಬರ್ದಿದ್ದನ್ನ ಅಳಿಸ್ತಾಳೆ, ಅದೊಂದನ್ನ ಬಿಡಿಸ್ಬೇಕು. ನೀವು ಸೈನ್ ಹಾಕ್ಬೇಡಿ.”

“ಆಮೇಲೆ ಮೇಡಂ ಬೈದ್ರೆ?”

“ನನ್ನ ಕೈಗೆ ಕೊಟ್ಟೆ ಅಂತ ಹೇಳಿ.”

ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಆ ತಾಯಿ ನನ್ನ ಮುಖ, ಬ್ಯಾಗು ಎರಡನ್ನೂ ನೋಡಿದರು. ಆಮೇಲೆ ಡ್ಯೂಟಿಗೆ ಓಡಿದರು. ಲಂಬೂವಿನ ಅಪ್ಪನಿಗೂ ಹೇಳಿ ಕಳಿಸಿದ್ದೇನೆ.

ಅಕ್ಟೋಬರ್ 3, ಮಂಗಳವಾರ

ಎಲ್ಲವನ್ನೂ ಇದ್ದ ಹಾಗೇ ಬರೆಯುತ್ತೇನೆ.

ಹೆಡ್ ಮೇಡಂ ಕರೆಸಿದರು. ಎರಡು ಅರ್ಜಿಗಳ ಹೊಸ ಪ್ರತಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ಪೆನ್ನು.

“ಟೀಚರ್, ಪೋಷಕರನ್ನ ನನ್ನ ಮೇಲೆ ಎತ್ತಿಕಟ್ತಿದ್ದೀರಂತೆ.”

“ನಿಜ ಹೇಳಿದ್ದೀನಿ. ಅವರಿಬ್ಬರೂ ಎಲ್ಲಿಗೂ ಹೋಗಲ್ಲ.”

“ಮುಂದಿನ ವರ್ಷ ಹತ್ತನೆಯಲ್ಲಿ ಫೇಲಾದ್ರೆ ಮೇಲಿನವರಿಗೆ ಯಾರು ಉತ್ತರ ಕೊಡ್ತಾರೆ? ನಿಯಮ ಎಲ್ಲರಿಗೂ ಒಂದೇ.”

“ನಿಯಮ ಅಲ್ಲ ಅದು, ರೂಢಿ. ಯಾವ ಪುಸ್ತಕದಲ್ಲಿ ಬರ್ದಿದೆ ತೋರ್ಸಿ.”

ಅವರು ಪೆನ್ನನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ದನಿ ಬದಲಾಯಿತು, ನನ್ನ ತರಗತಿಯಲ್ಲಿ ಎರಡು ಜಡೆ ಹಾಕಿಕೊಂಡು ಕೂತಿದ್ದಾಗಿನ ದನಿ.

“ರೂಢಿ ಮಾಡಿದ್ದು ಯಾರು ಟೀಚರ್? ನಾನು ಒಂಬತ್ತನೆಯಲ್ಲಿದ್ದಾಗ ನನ್ನ ಬೆಂಚಿನಲ್ಲಿ ನನ್ನ ಗೆಳತಿ ಕೂರ್ತಿದ್ಲು. ಗಣಿತದಲ್ಲಿ ಮೂವತ್ತಮೂರು ಬಂದಿತ್ತು. ಅವಳ ಟಿಸಿಗೆ ನೀವೇ ಸಹಿ ಹಾಕಿದ್ರಿ, ನಮ್ಮೆಲ್ಲರ ಎದುರಿಗೆ, ಬೋರ್ಡ್ ಮೇಲಿನ ಲೆಕ್ಕ ಅರ್ಧಕ್ಕೆ ನಿಲ್ಸಿ. ಸಹಿ ಹಾಕಿ ಮತ್ತೆ ಅಲ್ಲಿಂದ್ಲೇ ಮುಂದುವರಿಸಿದ್ರಿ. ಶಾಲೆ ಹೀಗೇ ನಡೀಬೇಕು ಅಂತ ನಾನು ಕಲಿತದ್ದು ನಿಮ್ಮಿಂದ.”

ನನಗೆ ನೆನಪಿಲ್ಲ. ಮುಖ ನೆನಪಿಲ್ಲ, ಹೆಸರೂ ನೆನಪಿಲ್ಲ. ಇದು ಸುಳ್ಳೆಂದು ಹೇಳಲೂ ಆಗಲಿಲ್ಲ, ಯಾಕೆಂದರೆ ಅರ್ಧಕ್ಕೆ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸುವುದು ನನ್ನ ಹಾಗೆಯೇ ಇದೆ.

“ಹೌದು, ಹಾಕಿದ್ದೀನಿ” ಎಂದೆ. “ತಪ್ಪು ಮಾಡಿದ್ದೀನಿ. ನೀನು ಪಕ್ಕದಲ್ಲೇ ಕೂತಿದ್ದೆ, ಸುಮ್ನಿದ್ದೆ. ನಿನಗೆ ಹದಿನಾಲ್ಕು ವರ್ಷ, ನನಗೆ ಮೂವತ್ತು. ನಿನ್ನ ತಪ್ಪಿಲ್ಲ. ಈಗ ನಿನಗೆ ಮೂವತ್ತೆಂಟು. ಈಗ ಹಾಕಿಸಿದ್ರೆ ನಿನ್ನದೇ ತಪ್ಪು.”

ಮೇಡಂ ಎನ್ನುವುದು ಹೋಗಿ ಬಾಯಿಗೆ ನೀನು ಬಂದುಬಿಟ್ಟಿತ್ತು. ಅವರೂ ಅದನ್ನು ಗಮನಿಸಲಿಲ್ಲ.

“ಸರಿ, ಅವರಿಬ್ಬರೂ ಇರ್ಲಿ” ಎಂದರು, ಅರ್ಜಿಗಳನ್ನು ಡ್ರಾಯರಿಗೆ ಹಾಕುತ್ತ. “ಆದ್ರೆ ಜವಾಬ್ದಾರಿ ಪೂರ್ತಿ ನಿಮ್ಮದು. ಈ ತರಗತಿನ ಹತ್ತನೆಗೂ ನೀವೇ ತಗೊಂಡು ಹೋಗ್ಬೇಕು. ಹತ್ತನೇ ಎ ನಿಮಗಿರಲ್ಲ. ಅಷ್ಟು ರಿಸ್ಕು ನಾನು ತಗೊಳಕ್ಕಾಗಲ್ಲ.”

“ಕೊಡಿ ಯಾರಿಗಾದ್ರೂ” ಎಂದು ಎದ್ದೆ. ಬಾಗಿಲ ಹತ್ತಿರ ನಿಂತು ಕೇಳಿದೆ. “ಆ ಹುಡುಗಿ ಈಗ ಎಲ್ಲಿದ್ದಾಳೆ?”

ಹೆಡ್ ಮೇಡಂ ನನ್ನನ್ನು ವಿಚಿತ್ರವಾಗಿ ನೋಡಿದರು. “ನಿಮಗೆ ನಿಜವಾಗ್ಲೂ ಗೊತ್ತಿಲ್ವಾ ಟೀಚರ್? ನಿಮ್ಮ ಬಟ್ಟೆ ಹೊಲಿಯೋಳು ಅವಳೇ. ಹನ್ನೆರಡು ವರ್ಷದಿಂದ ನಿಮ್ಮ ಅಳತೆ ತಗೊಳ್ತಿದ್ದಾಳೆ.”

ಅಕ್ಟೋಬರ್ 4, ಬುಧವಾರ

ಪಾಠವಾಯಿತು. ಗಂಟೆ ಹೊಡೆದದ್ದು ಎರಡು ಸಲ ನನಗೆ ಕೇಳಿಸಲಿಲ್ಲ.

ಅಕ್ಟೋಬರ್ 5, ಗುರುವಾರ

ಹೊಸ ವೇಳಾಪಟ್ಟಿ ಹಾಕಿದ್ದಾರೆ. ಹತ್ತನೇ ಎ ವಿಜ್ಞಾನದ ಮೇಷ್ಟ್ರಿಗೆ ಹೋಗಿದೆ, ಅವರಿಗೆ ಗಣಿತವೂ ಬರುತ್ತದೆ. ನನಗೆ ಮೂರನೇ ಪೀರಿಯಡ್ ಖಾಲಿ ಸಿಕ್ಕಿತು. ಒಳ್ಳೆಯದೇ ಆಯಿತು, ನಾಲ್ಕು ಟೇಬಲ್‌ಗೆ ಪ್ರಶ್ನೆ ಬರೆದಿಡಲು ಹೊತ್ತು ಸಾಲುತ್ತಿರಲಿಲ್ಲ. ಜ್ಯಾಮಿತಿಯ ಚಿತ್ರಗಳನ್ನೂ ಪೆನ್ನಿನಲ್ಲೇ ಬಿಡಿಸುವ ಅಭ್ಯಾಸ ಮಾಡಿಸಬೇಕು. ಕಡ್ಡಾಯ ಎಂದವರೊಡನೆ ಆಮೇಲೆ ಜಗಳವಾಡಿದರಾಯಿತು.

ಅತ್ತೆ ಎರಡು ದಿನದಿಂದ ಏನೂ ಕೇಳಿಲ್ಲ. ಇವತ್ತು ಊಟ ಬಡಿಸುವಾಗ ನನ್ನ ಕೈ ಹಿಡಿದು “ಸಾಕು, ಹೋಗಿ ಬಾ” ಎಂದರು. ಎಲ್ಲಿಗೆ ಎಂದು ನಾನು ಹೇಳಿರಲಿಲ್ಲ.

ಅಕ್ಟೋಬರ್ 7, ಶನಿವಾರ

ಹೋಗಿದ್ದೆ.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಗೋಡೆ ತುಂಬ ಕಾಗದದ ಪ್ಯಾಟರ್ನುಗಳು, ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಲೆಕ್ಕ. ಹನ್ನೆರಡು ವರ್ಷದಿಂದ ಆ ಗೋಡೆಯ ಮುಂದೆ ಕೈ ಎತ್ತಿ ನಿಂತು ಅಳತೆ ಕೊಟ್ಟಿದ್ದೇನೆ. ಅಲ್ಲಿ ಬರೆದಿರುವುದನ್ನು ಒಮ್ಮೆಯೂ ಓದಿರಲಿಲ್ಲ.

“ಏನು ತಂದಿದ್ದೀರಾ ಟೀಚರ್?” ಎಂದಳು, ಎಂದಿನಂತೆ.

“ಏನೂ ತಂದಿಲ್ಲ.”

ಅವಳು ಯಂತ್ರ ನಿಲ್ಲಿಸಿದಳು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ತಪ್ಪಾಯಿತು ಎಂದೆ. ನನ್ನ ಅರವತ್ತು ಕಿಲೋ ಗತ್ತಿನಲ್ಲಿ ಆ ಒಂದು ಶಬ್ದವೇ ಹೊರಬಂದದ್ದು. ಆಮೇಲೆ ಒಂದೇ ಉಸಿರಿನಲ್ಲಿ ನಾಲ್ಕು ಟೇಬಲ್‌ಗಳ ವಿಷಯ ಹೇಳಿದೆ, ಆ ಇಬ್ಬರು ಮಕ್ಕಳ ವಿಷಯ ಹೇಳಿದೆ. ಅಳತೆ, ಅನುಪಾತ ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವಳು ನೀನು, ನಮ್ಮ ತರಗತಿಗೆ ಬಂದು ಐದನೇ ಟೇಬಲ್ ನಡೆಸುತ್ತೀಯಾ, ಹನ್ನೆರಡು ನಿಮಿಷ ಸಾಕು ಎಂದೆ.

ಅವಳು ಕತ್ತರಿ ಕೆಳಗಿಟ್ಟಳು.

“ಅವತ್ತು ಸೈನ್ ಹಾಕೋಕೆ ನಿಮಗೆ ಎಷ್ಟು ನಿಮಿಷ ಬೇಕಾಯ್ತು ಟೀಚರ್?”

ನಾನು ಗೋಡೆಯ ಮೇಲಿನ ಲೆಕ್ಕಗಳ ಕಡೆ ನೋಡಿದೆ.

“ಆ ಗೇಟಿನೊಳಗೆ ನಾನು ಕಾಲಿಡಲ್ಲ. ನೀವಲ್ಲ, ಯಾರು ಬಂದು ಕರೆದ್ರೂ ಇಲ್ಲ. ಮಕ್ಕಳು ಬೇಕಾದ್ರೆ ಇಲ್ಲಿಗೆ ಬರ್ಲಿ. ಶನಿವಾರ ಮಧ್ಯಾಹ್ನ. ಹನ್ನೆರಡು ನಿಮಿಷ ಅಲ್ಲ, ನನಗೆ ಸಾಕು ಅನ್ನಿಸೋವರೆಗೆ.”

“ನಾನೂ ಬರ್ಬಹುದಾ?”

ಅವಳು ಮೂಲೆಯಲ್ಲಿದ್ದ ಒಂದು ಗಿಡ್ಡ ಸ್ಟೂಲು ತೋರಿಸಿದಳು. ಬಟ್ಟೆ ಕೊಡಲು ಬಂದ ಮಕ್ಕಳು ಕೂರುವ ಸ್ಟೂಲದು.

“ಬನ್ನಿ. ಅದರ ಮೇಲೆ ಕೂತ್ಕೋಬೇಕು. ಬಾಯಿ ಬಿಡೋ ಹಾಗಿಲ್ಲ. ಏನಾದ್ರೂ ಕೇಳ್ಬೇಕು ಅಂದ್ರೆ ಕೈ ಎತ್ತಿ.”

ಮುಂದಿನ ಶನಿವಾರ ರಬ್ಬರ್‌ಳನ್ನೂ ಲಂಬೂವನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಸ್ಟೂಲಿನ ಮೇಲೆ ಕೂರಲು ಒಪ್ಪಿ ಬಂದಿದ್ದೇನೆ.